ಬೂದಿ ಬಟ್ಟಲಿನ ಬಂಗಾರ

"ಎಲುಬಿನ ಬೂದಿ ಮುಟ್ಟಲಿಕ್ಕೆ ಹೇಸಿಗಿ ಇಲ್ಲಲ್ಲಾ ನಿನಗ?"

ಕೆಲಸ ಕೊಡುವ ಮುಂಚೆ ನನ್ನನ್ನು ಕೇಳಿದ ಪ್ರಶ್ನೆ ಇದೊಂದೇ. ಹಾನಗಲ್ಲಿನಲ್ಲಿ ಸಣ್ಣವ್ವನ ಮನೆಯಲ್ಲಿದ್ದುಕೊಂಡು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ. ವಿಜ್ಞಾನದಲ್ಲಿ ಎಷ್ಟು ಬಂದಿದೆ ಎಂದು ಕೇಳುತ್ತಾರೆ, ಹೀಗೆ ಹೇಳಬೇಕು, ಹಾಗೆ ಹೇಳಬೇಕು ಎಂದು ನಮ್ಮೂರು ಹಿರೇಬೆಂಡಿಗೇರಿಯಿಂದ ಶಿಗ್ಗಾವಿಯವರೆಗೆ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅಂಕಪಟ್ಟಿ ಚೀಲದಿಂದ ಹೊರಗೆ ಬರಲೇ ಇಲ್ಲ. ನಮ್ಮ ಓಣಿ ಯಾವುದು ಎಂದು ಕೇಳಿದರು, ಬೂದಿಯ ಮಾತು ಕೇಳಿದರು, ಅಷ್ಟೇ. ಅದಕ್ಕೂ ಮುಂಚೆ ಬಂದಿದ್ದ ಇಬ್ಬರು ಹುಡುಗರು ಎಲುಬು ಅಂದಕೂಡಲೇ ಎದ್ದು ಹೋಗಿದ್ದರಂತೆ. ನಾನು "ಇಲ್ಲರಿ" ಅಂದೆ. ಮನೆಯಲ್ಲಿ ಬುದ್ಧನ ಫೋಟೋ ಹಾಕಿಕೊಂಡಿದ್ದ ನಮ್ಮಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವ ಒಬ್ಬಳೇ ಕಂಡವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದಳು. ಹೇಸಿಗೆಪಡುವ ಪುರುಸೊತ್ತು ನಮಗೆಲ್ಲಿತ್ತು?

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಈಗ ಹೆಸರೂ ಉಳಿದಿರದ ಒಂದು ಗಣಿ ಕಂಪನಿ ಶಿಗ್ಗಾವಿಯಲ್ಲಿ ಹಳೆಯ ಹತ್ತಿ ಗೋದಾಮನ್ನು ಬಾಡಿಗೆಗೆ ಹಿಡಿದು ಪ್ರಯೋಗಶಾಲೆ ಮಾಡಿತ್ತು. ಹಿರೇಕೆರೂರು ತಾಲ್ಲೂಕಿನ ಮಾಸೂರಿನ ಆಚೆ ಒಂದು ಗುಡ್ಡ. ಅದರ ಬೆಣಚುಕಲ್ಲಿನಲ್ಲಿ ಬಂಗಾರ ಇದೆಯೋ ಇಲ್ಲವೋ ನೋಡುವುದು ನಮ್ಮ ಕೆಲಸ. ತಿಳವಳ್ಳಿಯ ಕಡೆಯಿಂದಲೂ ಒಮ್ಮೊಮ್ಮೆ ಕಲ್ಲು ಬರುತ್ತಿತ್ತು. ಆದರೆ ಎಲ್ಲರ ಕಣ್ಣು ಮಾಸೂರಿನ ಗುಡ್ಡದ ಮೇಲೆ.

ಪ್ರಯೋಗಶಾಲೆ ಅಂದರೆ ಬಣ್ಣಬಣ್ಣದ ನೀರಿನ ಗಾಜಿನ ಬುರುಡೆಗಳು ಇರುತ್ತವೆ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ಅರ್ಧ ಕಮ್ಮಾರಸಾಲೆ, ಅರ್ಧ ಅಡುಗೆಮನೆ. ಬಾಗಿಲ ಬಳಿ ಕಲ್ಲು ಒಡೆಯುವ ಯಂತ್ರ. ಅದರಾಚೆ ಮೊಣಕಾಲೆತ್ತರದ ಬೀಡುಕಬ್ಬಿಣದ ಹಾಸು, ಅದರ ಮೇಲೆ ಪುಡಿ ಅರೆಯಲು ದಪ್ಪನೆಯ ಕಬ್ಬಿಣದ ಗುಂಡು. ಗೋಡೆಗೆ ಹಿತ್ತಾಳೆ ಅಂಚಿನ ಜರಡಿಗಳು. ಡಬ್ಬಿಗಳಲ್ಲಿ ಬಿಳಿಗಾರ, ಸೋಡಾ, ಸೀಸದ ಹಳದಿ ಪುಡಿ. ಜೊತೆಗೆ ಒಂದು ಡಬ್ಬಿ ಗೋಧಿ ಹಿಟ್ಟು. ಹಿಟ್ಟು ಕಂಡು ನನಗೆ ನಗು ಬಂತು. ಇಲ್ಲಿ ಯಾರಿಗೆ ಚಪಾತಿ ಮಾಡುತ್ತಾರೆ ಅನ್ನಿಸಿತು. ಅದು ಕಲ್ಲಿನ ಪುಡಿಯ ಜೊತೆ ಮೂಸೆಗೆ ಹಾಕುವುದಕ್ಕೆ. ಭಟ್ಟಿಯಲ್ಲಿ ಎಲ್ಲವೂ ಕರಗಿದಾಗ ಹಿಟ್ಟು ಸುಟ್ಟು ಸೀಸ ಬೇರೆಯಾಗುತ್ತದೆ, ಕಲ್ಲಿನಲ್ಲಿರುವ ಬಂಗಾರವನ್ನೆಲ್ಲ ಸೀಸ ಎಳೆದುಕೊಂಡು ತಳಕ್ಕೆ ಕೂರುತ್ತದೆ.

ಆ ಸೀಸದ ಗುಂಡಿಯಿಂದ ಬಂಗಾರವನ್ನು ಬಿಡಿಸಲು ಬೇಕಾದದ್ದು ಬೂದಿ ಬಟ್ಟಲು. ಸುಟ್ಟ ಎಲುಬಿನ ಬೂದಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಹಿತ್ತಾಳೆಯ ಅಚ್ಚಿಗೆ ತುಂಬಿ, ಮೇಲಿನಿಂದ ಒತ್ತಿ ತೆಗೆದರೆ ಹಣತೆಯಷ್ಟು ಚಿಕ್ಕ ಬಿಳಿ ಬಟ್ಟಲು. ಭಟ್ಟಿಯಲ್ಲಿ ಅದು ಕಾದಾಗ ಸೀಸವನ್ನೆಲ್ಲ ಕುಡಿದುಬಿಡುತ್ತದೆ, ಬಂಗಾರವನ್ನು ಮಾತ್ರ ಕುಡಿಯುವುದಿಲ್ಲ. ಕೊನೆಗೆ ಬಟ್ಟಲಿನ ತಳದಲ್ಲಿ ಸಾಸಿವೆಗಿಂತ ಸಣ್ಣ ಮಣಿಯೊಂದು ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ದಿನಕ್ಕೆ ನಲವತ್ತು ಬಟ್ಟಲು ಒತ್ತುತ್ತಿದ್ದೆ. ಒಂದೂ ಬಿರುಕು ಬಿಡುತ್ತಿರಲಿಲ್ಲ. ಅದಕ್ಕೆ ಒದ್ದೆ ಎಷ್ಟಿರಬೇಕು ಎನ್ನುವುದು ನನ್ನ ಹೆಬ್ಬೆರಳಿಗೆ ಗೊತ್ತಿತ್ತು.

ಇದನ್ನೆಲ್ಲ ಕಲಿಸಿದವರು ಪ್ರಯೋಗಶಾಲೆಯ ಮುಖ್ಯಸ್ಥರಾದ ಆಚಾರ್ರು, ಬೂದಿಯ ಪ್ರಶ್ನೆ ಕೇಳಿದವರೂ ಅವರೇ. ಸವಣೂರಿನವರು. ಅವರ ಮನೆತನದಲ್ಲಿ ಅಜ್ಜ, ಮುತ್ತಜ್ಜ ಎಲ್ಲರೂ ಸಂಸ್ಕೃತ ಪಾಠ ಹೇಳಿದವರಂತೆ. ಇವರು ಮಾತ್ರ ಧಾರವಾಡಕ್ಕೆ ಹೋಗಿ ರಸಾಯನಶಾಸ್ತ್ರ ಓದಿ ಬಂದವರು. ಐವತ್ತರ ಹತ್ತಿರದ ವಯಸ್ಸು, ಹಣೆಯ ಮೇಲೆ ಅಂಗಾರ ಅಕ್ಷತೆ, ಕೈಯಲ್ಲಿ ಊಟದ ಡಬ್ಬಿ. ಸವಣೂರಿನ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುವವರು. ಬೂದಿಯನ್ನು ಅವರು ಮುಟ್ಟುತ್ತಿರಲಿಲ್ಲ, ಅದು ಬಿಟ್ಟರೆ ಏನನ್ನೂ ನನ್ನಿಂದ ಮುಚ್ಚಿಡಲಿಲ್ಲ. ಕನ್ನಡ ಶಾಲೆಯಿಂದ ಹೈಸ್ಕೂಲಿನವರೆಗೆ ಅಷ್ಟು ತಾಳ್ಮೆಯಿಂದ ನನಗೆ ಪಾಠ ಹೇಳಿದ ಇನ್ನೊಬ್ಬರಿಲ್ಲ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ನನ್ನ ಸಿಟ್ಟಿನ ಅಳತೆ ನಿಮಗೆ ಸಿಗುವುದಿಲ್ಲ.

ಮೊದಲ ದಿನವೇ ನನ್ನ ಕಿವಿ ನೋಡಿದರು. ಹಾನಗಲ್ಲಿನ ಸಂತೆಯಲ್ಲಿ ಅವ್ವ ಕೊಡಿಸಿದ ಬೆಂಡೋಲೆಗಳು ಹೊಳೆಯುತ್ತಿದ್ದವು.

"ಅವನ್ನ ತಗಿಯವಾ. ಈ ಖೋಲ್ಯಾಗ ಮೈಮ್ಯಾಲೆ ಧಾತು ಇರಬಾರದು. ಒಂದೀಟು ಉದುರಿದ್ರೂ ನಮ್ಮ ಲೆಕ್ಕ ಎಲ್ಲಾ ಹಾಳಾಗ್ತದ."

"ಬಂಗಾರ ಅಲ್ಲರಿ, ಗಿಲೀಟ ಅದಾವ್ರಿ."

"ಗಿಲೀಟಿದ್ರೂ ಅದ ಮಾತು. ತಗಿ."

ತೆಗೆದು ಕೊಟ್ಟೆ. ಕಲ್ಲಿನ ಪುಡಿ ಹಾಕುವ ಕಂದು ಲಕೋಟೆಯೊಂದರಲ್ಲಿ ಅವನ್ನು ಹಾಕಿ, ಮೇಲೆ ನನ್ನ ಹೆಸರು ಬರೆದು, ತಮ್ಮ ಮೇಜಿನ ಡ್ರಾವರಿನಲ್ಲಿಟ್ಟು ಬೀಗ ಹಾಕಿದರು. "ಕೆಲ್ಸ ಬಿಡೂ ದಿನ ತೊಗೊಂಡು ಹೋಗು" ಎಂದು ನಕ್ಕರು. ನಾನೂ ನಕ್ಕೆ. ಸಂಜೆ ಮನೆಗೆ ಹೋದಾಗ ಅವ್ವ ನನ್ನ ಬೋಳು ಕಿವಿ ನೋಡಿ ಗಾಬರಿಯಾದಳು. ವಿಷಯ ಹೇಳಿದೆ. "ತೂತು ಮುಚ್ಚಿಗೊಂಡ್ರ ನಾಳೆ ಮದವ್ಯಾಗ ಏನ ಹಾಕ್ತೀಯ?" ಎಂದು ಹಿತ್ತಲ ಬೇವಿನ ಮರದಿಂದ ಎರಡು ಕಡ್ಡಿ ಮುರಿದು ತಂದು ತೂತಿಗೆ ಸಿಕ್ಕಿಸಿದಳು. ಆಮೇಲೆ ಆರು ವರ್ಷ ನನ್ನ ಕಿವಿಯಲ್ಲಿದ್ದದ್ದು ಬೇವಿನ ಕಡ್ಡಿ. ಹಳೆಯದು ಒಣಗಿದರೆ ಹೊಸದು.

ತಕ್ಕಡಿಯ ಪಾಠ ನಡೆದದ್ದು ಎರಡನೆಯ ವಾರ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ, ಉಸಿರು ತಾಗಿದರೂ ಅಲ್ಲಾಡುತ್ತಿತ್ತು. ತೂಗಿ ತೋರಿಸಲು ಏನಾದರೂ ಬೇಕಿತ್ತು. ಆಚಾರ್ರು ತಮ್ಮ ಬಲಗೈಯ ಉಂಗುರವನ್ನು ತೆಗೆದು ತಾವೇ ತಟ್ಟೆಯಲ್ಲಿಟ್ಟರು. ಬಂಗಾರದ ಪವಿತ್ರದುಂಗುರ, ದರ್ಭೆಯ ಗಂಟಿನ ಆಕಾರದ್ದು. ಮುಂಜಿಯಲ್ಲಿ ಅಪ್ಪ ಹಾಕಿದ್ದಂತೆ, ಬೆರಳು ಬೆಳೆದಂತೆ ಬೆಳೆಸಿ ಮಾಡಿಸಿದ್ದಂತೆ. ತೂಕದ ಕಲ್ಲು ಒಂದೊಂದಾಗಿ ಇಟ್ಟು ನಾನು ತೂಗಿದೆ. ಐದು ಗ್ರಾಂ ಎಂಟುನೂರು ಮಿಲಿಗ್ರಾಂ. ನನ್ನ ಎರಡುನೂರು ಪುಟದ ನೋಟುಬುಕ್ಕಿನ ಮೊದಲನೆಯ ಪುಟದಲ್ಲಿ, ಮೊದಲನೆಯ ಸಾಲಿನಲ್ಲಿ, ಅದನ್ನೇ ಬರೆದೆ.

"ಸರ್, ಇದೂ ಧಾತುನ ಅಲ್ಲೇನ್ರಿ?" ಎಂದು ತಮಾಷೆಗೆ ಕೇಳಿದೆ.

"ಇದು ಆಭರಣ ಅಲ್ಲವಾ, ಪವಿತ್ರ" ಎಂದು ಮತ್ತೆ ಬೆರಳಿಗೆ ಹಾಕಿಕೊಂಡರು. ಸುಳ್ಳು ಹೇಳಲಿಲ್ಲ ಅವರು. ಅವರ ಪಾಲಿಗೆ ಅದು ಬಂಗಾರವೇ ಆಗಿರಲಿಲ್ಲ. ನನಗೂ ಆ ಮೇಲೆ ಅದು ಬಂಗಾರವಾಗಿ ಕಾಣಲಿಲ್ಲ. ದೇವರ ಕಡೆಯ ವಸ್ತು, ನಮ್ಮಂಥವರು ಪ್ರಶ್ನೆ ಮಾಡುವಂಥದ್ದಲ್ಲ ಅಂತ ಬಿಟ್ಟುಬಿಟ್ಟೆ.

ಅವತ್ತು ಅವರು ಹೇಳಿದ ಇನ್ನೊಂದು ಮಾತನ್ನು ಮನೆಗೆ ಹೋಗಿ ಅವ್ವನಿಗೆ ಹೇಳಿದ್ದೆ. "ತೂಗದ ಏನೂ ಬರೀಬ್ಯಾಡ. ಕಣ್ಣಿಗೆ ಕಂಡದ್ದನ್ನೂ ಬರೀಬ್ಯಾಡ. ತಕ್ಕಡಿ ಹೇಳಿದ್ದನ್ನಷ್ಟ ಬರಿ." ಅವ್ವನಿಗೆ ಈ ಮಾತು ಬಹಳ ಹಿಡಿಸಿತು. ಕಾಳು ಅಳೆದುಕೊಡುವಾಗ ಕೈಚಳಕ ತೋರಿಸುವ ಮಂದಿಯನ್ನೇ ಜೀವನವೆಲ್ಲ ಕಂಡವಳು ಅವಳು. ಅಂದಿನಿಂದ ನಮ್ಮ ಪ್ರಯೋಗಶಾಲೆಯವರಿಗೆ ಅವಳು ಇಟ್ಟ ಹೆಸರು ತೂಕ ಮಾಡೂ ಮಂದಿ. "ತೂಕ ಮಾಡೂ ಮಂದಿ ಇವತ್ತ ಸೂಟಿ ಕೊಟ್ಟಾರೇನು?" ಎಂದೇ ಕೇಳುತ್ತಿದ್ದಳು.

ನಮ್ಮಲ್ಲಿ ಮೂರನೆಯವರು ಭಟ್ಟಿ ನೋಡಿಕೊಳ್ಳುತ್ತಿದ್ದ ಚಾಚಾ. ಅವರೂ ಸವಣೂರಿನವರೇ, ಆಚಾರ್ರ ಬಸ್ಸಿಗೇ ಬರುತ್ತಿದ್ದರು. ಇಕ್ಕಳದಲ್ಲಿ ಕೆಂಪಗೆ ಕಾದ ಬಟ್ಟಲನ್ನು ಹೊರತೆಗೆದು "ಬೇಟಿ, ನೋಡ, ಕಣ್ಣು ತಗದೈತಿ" ಎಂದು ಮಣಿಯನ್ನು ತೋರಿಸುತ್ತಿದ್ದರು. ಮಾಸೂರಿನ ಗುಡ್ಡದ ಕಲ್ಲಿನಲ್ಲಿ ಮಣಿ ಕಾಣತೊಡಗಿದ್ದು ನಾನು ಸೇರಿದ ವರ್ಷವೇ. ಸಣ್ಣದು, ಆದರೆ ಬಿಡದೆ ಕಾಣುತ್ತಿತ್ತು. ಅರ್ಧ ಪುಡಿಯನ್ನು ನಾವು ಕಂಪನಿಯ ದೊಡ್ಡ ಆಫೀಸಿಗೂ ಕಳಿಸುತ್ತಿದ್ದೆವು, ಅಲ್ಲಿಯೂ ಬಂಗಾರ ಇದೆ ಎಂದೇ ಉತ್ತರ ಬರುತ್ತಿತ್ತು. ಆಚಾರ್ರ ಮುಖ ಅರಳಿತು. ಗುಡ್ಡದ ಮೇಲೆ ಗುಂಡಿಗಳು ಬಿದ್ದವು. ಒಮ್ಮೆ ಕಲ್ಲು ತರಲು ಜೀಪಿನಲ್ಲಿ ನಾನೂ ಹೋಗಿದ್ದೆ. ಮಾಸೂರಿನ ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಂಡು, "ನಮಗೂ ಕೆಲಸ ಸಿಗತೈತೇನ್ರಿ ಅಕ್ಕಾರ?" ಎಂದು ಕೇಳಿದರು. ಅಕ್ಕಾರ! ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಸಿಗುತ್ತದೆ ಎಂದುಬಿಟ್ಟೆ.

ಈಗ ನನ್ನ ಕೈಯ ಮಾತು ಹೇಳಬೇಕು. ಪುಡಿಯನ್ನು ಮೇಣಬಟ್ಟೆಯ ಮೇಲೆ ಗುಡ್ಡೆ ಮಾಡಿ, ಚಪ್ಪಟೆಯಾಗಿ ಸವರಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದನ್ನು ಎಸೆಯಬೇಕು. ಹೀಗೆ ಮೂರು ಸಲ. ಇದನ್ನು ತಗಡಿನ ಪಟ್ಟಿಯಿಂದ ಮಾಡಬೇಕು ಎಂದು ಗೋಡೆಗೆ ಅಂಟಿಸಿದ ಸೂಚನೆಯಲ್ಲಿತ್ತು. ಆಚಾರ್ರು ಪಟ್ಟಿ ಮುಟ್ಟುತ್ತಿರಲಿಲ್ಲ. "ಕೈಲೆ ತಿಕ್ಕಿದ್ರನ ಹದ ತಿಳೀತದ" ಎಂದು ಪೂರ್ತಿ ಅಂಗೈಯಿಂದ ಪುಡಿಯನ್ನು ಒತ್ತಿ, ಉಜ್ಜಿ, ಹರಡುತ್ತಿದ್ದರು. ಮನೆಯಲ್ಲಿ ರಂಗೋಲಿ ಪುಡಿ ಹದ ನೋಡಿದಂತೆ. ಕೊನೆಯ ಪಾಲು ಮಾಡುವುದು ಅವರದೇ ಕೆಲಸ, ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ.

ಅವರು ರಜೆ ಹಾಕುತ್ತಿದ್ದದ್ದು ತಂದೆಯ ಶ್ರಾದ್ಧಕ್ಕೆ, ಮಠದ ಆರಾಧನೆಗೆ. ಆ ದಿನಗಳಲ್ಲಿ ಪಾಲು ಮಾಡುವುದು ನನ್ನ ಪಾಲಿಗೆ. ನಾನು ಸೂಚನೆಯಲ್ಲಿದ್ದಂತೆ ಪಟ್ಟಿಯಿಂದ ಮಾಡುತ್ತಿದ್ದೆ. ಚಾಚಾ ಭಟ್ಟಿಯಿಂದ ಬಟ್ಟಲು ತೆಗೆದು ತಲೆಯಾಡಿಸುತ್ತಿದ್ದರು. "ಖಾಲಿ ಐತಿ ಬೇಟಿ." ಇನ್ನೊಂದು ಬಟ್ಟಲು. ಅದೂ ಖಾಲಿ. ಮರುದಿನ ಆಚಾರ್ರು ಅದೇ ಚೀಲದ ಕಲ್ಲನ್ನು ತೆಗೆದು ತಾವೇ ಪಾಲು ಮಾಡಿದರೆ ಮಣಿ ಕಣ್ಣು ಬಿಡುತ್ತಿತ್ತು.

"ನಿನ್ನ ಕೈಯಾಗ ಬಂಗಾರ ನಿಲ್ಲೂದಿಲ್ಲ ನೋಡವಾ" ಎನ್ನುತ್ತಿದ್ದರು. ಬೈಗುಳವಾಗಿ ಅಲ್ಲ, ಮರುಕದಿಂದ. "ಎಲ್ಲೋ ಚೆಲ್ಲಾಡ್ತೀ. ಕೈಗುಣ ಅಂತ ಒಂದಿರ್ತದ, ಅದು ಬರಬೇಕು."

ನಾನು ನಂಬಿದೆ. ಐದಾರು ವರ್ಷ ನಂಬಿದೆ. ಬಿತ್ತುವುದಕ್ಕೆ ಒಬ್ಬರ ಕೈ ಒಳ್ಳೆಯದು, ಔಷಧ ಕೊಡುವುದಕ್ಕೆ ಒಬ್ಬರ ಕೈ ಒಳ್ಳೆಯದು ಎನ್ನುವ ಊರಿನಲ್ಲಿ ಹುಟ್ಟಿದವಳಿಗೆ ಅದನ್ನು ನಂಬುವುದು ಕಷ್ಟವಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವಾಗ ಕೈ ನೋಡಿಕೊಳ್ಳುತ್ತಿದ್ದೆ. ಇದೇ ಕೈ ಒತ್ತಿದ ಬಟ್ಟಲು ಬಿರುಕು ಬಿಡುವುದಿಲ್ಲ, ಬಂಗಾರದ ಮಾತು ಬಂದರೆ ಮಾತ್ರ ಇದಕ್ಕೇನಾಗುತ್ತದೆ ಎಂದು ಅಳು ಬರುತ್ತಿತ್ತು. ಇದರ ಮೇಲೆಯೇ ನನ್ನ ನೌಕರಿಯೂ ನಿಂತಿತ್ತು. ನಾನು ದಿನಗೂಲಿಯವಳು. "ನಿನ್ನ ಕೈಗೊಂದು ಸಲ ಬಂಗಾರ ಹತ್ತಲಿ, ಕಾಯಂ ಮಾಡ್ರಿ ಅಂತ ನಾನ ದೊಡ್ಡ ಆಫೀಸಿಗೆ ಬರೀತೀನಿ" ಎಂದು ಆಚಾರ್ರು ಪ್ರತಿ ಯುಗಾದಿಗೂ ಹೇಳುತ್ತಿದ್ದರು. ನಾನು ಕಾಯಂ ಆದರೆ ಅವ್ವ ಕಂಡವರ ಹೊಲಕ್ಕೆ ಹೋಗುವುದು ನಿಲ್ಲುತ್ತದೆ. ನನಗೆ ಬೇಕಿದ್ದದ್ದು ಅದೊಂದೇ.

ಎಂಬತ್ತರ ದಶಕ ಅರ್ಧವಾಗುತ್ತ ಬಂದಾಗ ಮಾಸೂರಿನ ಗುಡ್ಡಕ್ಕೆ ದೊಡ್ಡ ಕೊರೆಯುವ ಯಂತ್ರ ಬಂತು. ನೆಲದಾಳದಿಂದ ತೆಗೆದ ಉದ್ದುದ್ದ ಕಲ್ಲಿನ ಕಂಬಿಗಳನ್ನು ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ ನಮ್ಮಲ್ಲಿಗೆ ತರದೆ ನೇರವಾಗಿ ದೊಡ್ಡ ಆಫೀಸಿಗೆ ಕಳಿಸಿದರು. ಮೂರು ತಿಂಗಳಾದ ಮೇಲೆ ಪತ್ರ ಬಂತು. ಒಂದರಲ್ಲೂ ಬಂಗಾರದ ಸುಳಿವಿಲ್ಲ, ನಿಮ್ಮ ಪ್ರಯೋಗಶಾಲೆಯ ಆರು ವರ್ಷದ ಫಲಿತಾಂಶ ಹೇಗೆ ಬಂತು ವಿವರಿಸಿ ಎಂದು. ಆಚಾರ್ರು ಪತ್ರವನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟುಕೊಂಡರು. ಅವತ್ತು ಏಕಾದಶಿ. ಉಪವಾಸದ ಮುಖ ಇನ್ನಷ್ಟು ಬತ್ತಿತು. ಹಳೆಯ ಚೀಲಗಳನ್ನೆಲ್ಲ ತೆಗೆಸಿ ಮತ್ತೆ ಪರೀಕ್ಷೆ ಮಾಡಲು ಕೂತರು. ಮತ್ತೆ ಮಣಿ ಬಂತು. ಅವರಿಗೂ ತಲೆ ಕೆಟ್ಟುಹೋಯಿತು.

ಅದೇ ವಾರ ಒಂದು ಮಧ್ಯಾಹ್ನ ಅವರು ಪಾಲು ಮಾಡಿಟ್ಟು ಊಟಕ್ಕೆ ಹೋದರು. ದಪ್ಪ ಹರಳು ಉಳಿದಿದೆಯೇ ನೋಡಲು ಎಸೆಯುವ ಪುಡಿಯನ್ನು ಜರಡಿಗೆ ಸುರಿದು ಅಲ್ಲಾಡಿಸಿದೆ. ಪುಡಿಯೆಲ್ಲ ಇಳಿದ ಮೇಲೆ ಜರಡಿಯ ಬಲೆಯ ಮೇಲೆ ಪವಿತ್ರದುಂಗುರ ಕೂತಿತ್ತು. ಒಂದು ಕಡೆ ಮುರಿದಿತ್ತು. ಹೊರಗೆ ಕಾಣುವ ಗಂಟು ಹಾಗೇ ಇತ್ತು, ಅಂಗೈ ಕಡೆಯ ಭಾಗ ಮಾತ್ರ ಸವೆದು ಸವೆದು ದಾರದಂತಾಗಿ ಕಡಿದುಹೋಗಿತ್ತು.

ಬಂಗಾರವನ್ನು ನಾನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ತಕ್ಕಡಿಯಲ್ಲಿಟ್ಟು ತೂಗಿದೆ. ನೋಟುಬುಕ್ಕಿನ ಮೊದಲ ಪುಟ ತೆಗೆದೆ. ಐದು ಗ್ರಾಂ ಎಂಟುನೂರು ಮಿಲಿಗ್ರಾಂ ಇದ್ದದ್ದು ಈಗ ನಾಲ್ಕು ಗ್ರಾಂ ಚಿಲ್ಲರೆ. ಅದನ್ನೂ ಅದರ ಕೆಳಗೇ ಬರೆದೆ. ಬೆಣಚುಕಲ್ಲಿನ ಪುಡಿ ಅಂದರೆ ಅರದ ಹಾಗೆ. ಆರು ವರ್ಷ ಅಂಗೈಯಿಂದ ಉಜ್ಜಿದ್ದಾರೆ, ಉಂಗುರ ಸವೆದು ಪುಡಿಗೆ ಸೇರಿದೆ. ಚಾಚಾ ತೋರಿಸುತ್ತಿದ್ದ ಕಣ್ಣುಗಳೆಲ್ಲ ಇದರವೇ. ಮಾಸೂರಿನ ಗುಡ್ಡದವಲ್ಲ.

ಮೊದಲು ನನಗಾದದ್ದು ಖುಷಿ. ನಾಚಿಕೆಯಿಲ್ಲದೆ ಹೇಳುತ್ತೇನೆ, ಕುಣಿಯುವಷ್ಟು ಖುಷಿ. ನನ್ನ ಕೈಯಲ್ಲಿ ತಪ್ಪಿರಲಿಲ್ಲ! ನನ್ನ ಖಾಲಿ ಬಟ್ಟಲುಗಳೇ ನಿಜ ಹೇಳಿದ್ದವು. ಉಂಗುರವನ್ನು ಗಾಜಿನ ಬಟ್ಟಲಿಗೆ ಹಾಕಿಕೊಂಡು, ನೋಟುಬುಕ್ಕು ಹಿಡಿದುಕೊಂಡು ಅವರು ಊಟ ಮುಗಿಸುವುದನ್ನೇ ಕಾದೆ.

ಆಚಾರ್ರು ಬಟ್ಟಲನ್ನು ನೋಡಿದರು, ತಮ್ಮ ಬೆರಳನ್ನು ನೋಡಿಕೊಂಡರು, ನೋಟುಬುಕ್ಕಿನ ಎರಡು ಸಾಲು ಓದಿದರು. ಬುದ್ಧಿವಂತರು, ನಾನು ಬಾಯಿಬಿಡಬೇಕಾಗಲಿಲ್ಲ. ನೋಟುಬುಕ್ಕು ಮುಚ್ಚಿ ಕೇಳಿದರು.

"ಯಾರಿಗಾದ್ರೂ ಹೇಳೀಯೇನು?"

"ಇಲ್ಲರಿ. ನಿಮಗ ಮೊದಲ ತೋರಸಾಕತ್ತೇನಿ."

"ಹೇಳಬ್ಯಾಡ. ತಪ್ಪು ನಂದು. ಎಲ್ಲಾ ವಿವರಿಸಿ ನಾನ ಪತ್ರ ಬರೀತೀನಿ. ಆ ಪುಸ್ತಕ ಇಲ್ಲಿರ್ಲಿ, ಪತ್ರಕ್ಕ ಬೇಕಾಗ್ತದ."

ಕೊಟ್ಟೆ. ಅವರು ಉಂಗುರವನ್ನು ನಲ್ಲಿಯ ಕೆಳಗೆ ಹಿಡಿದು ಬಹಳ ಹೊತ್ತು ತೊಳೆದರು. ಪುಡಿ ತೊಳೆಯುತ್ತಿದ್ದಾರೆ ಅಂದುಕೊಂಡೆ. ನಾನು ಮುಟ್ಟಿದ್ದನ್ನು ತೊಳೆಯುತ್ತಿದ್ದರೋ ಏನೋ ಎಂದು ಹೊಳೆದದ್ದು ವರ್ಷಗಳಾದ ಮೇಲೆ. ಅವತ್ತು ಮಾತ್ರ ಅವರ ಮೇಲೆ ನನಗಿದ್ದ ಗೌರವ ಇಮ್ಮಡಿಯಾಯಿತು. ಇಷ್ಟು ದೊಡ್ಡವರು ತಪ್ಪು ನನ್ನದು ಅಂದರಲ್ಲ, ಅದೂ ನನ್ನ ಮುಂದೆ ಅಂದರಲ್ಲ ಎಂದು. ಎಂಥ ಹುಚ್ಚಿ ನಾನು.

ಹದಿನೈದು ದಿನ ಬಿಟ್ಟು ದೊಡ್ಡ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಆಚಾರ್ರ ಮೇಜಿನ ಹಿಂದೆ ಅವರು ಕೂತರು, ಪಕ್ಕದಲ್ಲಿ ಆಚಾರ್ರು ನಿಂತರು. ಬಲಗೈಯ ಬೆರಳು ಬೋಳಾಗಿತ್ತು, ಉಂಗುರವಿದ್ದ ಜಾಗ ಬೆಳ್ಳಗಿತ್ತು. ನನ್ನನ್ನೂ ಚಾಚಾನನ್ನೂ ಕರೆದರು. ಇವತ್ತು ಎಲ್ಲ ಇತ್ಯರ್ಥವಾಗುತ್ತದೆ, ಕಾಯಂ ಮಾತೂ ಬರಬಹುದು ಎಂದು ನಾನು ತೊಳೆದ ಸೀರೆ ಉಟ್ಟುಕೊಂಡು ಹೋಗಿದ್ದೆ.

ಅಧಿಕಾರಿ ಆಚಾರ್ರ ಪತ್ರವನ್ನು ಗಟ್ಟಿಯಾಗಿ ಓದಿದರು. ಮಾದರಿಗಳಲ್ಲಿ ಹೊರಗಿನ ಚಿನ್ನ ಬೆರೆತಿರುವುದು ನಿಜ. ಪುಡಿ ಮಾಡುವ ಕೆಲಸದಾಕೆ ನಿಯಮ ಮೀರಿ ಚಿನ್ನದ ಬೆಂಡೋಲೆ ಧರಿಸಿ ಕೆಲಸ ಮಾಡುತ್ತಿದ್ದಳು. ಎಚ್ಚರಿಕೆ ಕೊಟ್ಟರೂ ಕೇಳಲಿಲ್ಲ. ಕೊನೆಗೆ ಅವನ್ನು ತೆಗೆಸಿ ವಶಪಡಿಸಿಕೊಳ್ಳಲಾಗಿದೆ.

ಆಚಾರ್ರು ಡ್ರಾವರಿನ ಬೀಗ ತೆಗೆದು ಕಂದು ಲಕೋಟೆಯನ್ನು ಮೇಜಿನ ಮೇಲಿಟ್ಟರು. ಮೇಲೆ ನನ್ನ ಹೆಸರು, ಅವರದೇ ಅಕ್ಷರದಲ್ಲಿ. ಬೆಂಡೋಲೆಗಳು ಮೇಜಿನ ಮೇಲೆ ಉರುಳಿದವು. ಆರು ವರ್ಷ ಕತ್ತಲೆಯಲ್ಲಿದ್ದದ್ದಕ್ಕೋ ಏನೋ, ಗಿಲೀಟು ಮಾಸದೆ ಹೊಸದರಂತೆ ಹೊಳೆಯಿತು.

ಆಚಾರ್ರ ಮುಖ ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ಸಾಬ್, ಈಕಿ ಕಿವ್ಯಾಗ ಕಡ್ಡಿ ಬಿಟ್ರ ಏನೂ ನೋಡಿಲ್ರಿ ನಾನು" ಎಂದರು ಚಾಚಾ.

"ಕೇಳಿದಾಗ ಮಾತಾಡಿ" ಎಂದು ಅಧಿಕಾರಿ ನನ್ನ ಕಿವಿಯ ಕಡೆ ನೋಡಿದರು. "ಈಗ ಕಡ್ಡಿ ಇದೆ. ಓಲೆ ತೆಗೆಸಿದ ಮೇಲೆ ಹಾಕಿಕೊಂಡಿರಬೇಕು."

"ಅವು ಬಂಗಾರ ಅಲ್ಲರಿ, ಗಿಲೀಟು" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಗಿಲೀಟರಿ. ನಿಮ್ಮ ಹಿಂದ ಕಪಾಟಿನ್ಯಾಗ ಆಸಿಡ್ ಐತಿ. ಒಂದೀಟು ಕೆರದು ಒಂದ ಹನಿ ಹಾಕಿ ನೋಡ್ರಿ. ಹಸರಾದ್ರ ಹಿತ್ತಾಳಿ, ಬಂಗಾರಿದ್ರ ಏನೂ ಆಗೂದಿಲ್ಲರಿ. ನಾನ ಹಾಕ್ತೇನಿ."

ಅಧಿಕಾರಿ ಆಚಾರ್ರನ್ನು ನೋಡಿದರು. ಆಸಿಡ್ಡಿನ ಬಾಟಲಿ ಅವರ ಕುರ್ಚಿಯಿಂದ ಒಂದು ಕೈಯಳತೆಯಲ್ಲಿತ್ತು. ಸುತ್ತಲೂ ತಕ್ಕಡಿ, ಭಟ್ಟಿ, ನಾನೇ ಒತ್ತಿ ಒಣಗಿಸಿದ ನಲವತ್ತು ಬಟ್ಟಲು. ಹಿರೇಕೆರೂರಿನಿಂದ ಹಾನಗಲ್ಲಿನವರೆಗೆ ಬಂಗಾರವೋ ಅಲ್ಲವೋ ಎಂದು ಹೇಳಬಲ್ಲ ಜಾಗ ಅದೊಂದೇ.

"ಅದರ ಅವಶ್ಯಕತೆ ಇಲ್ಲ ಸರ್" ಎಂದರು ಆಚಾರ್ರು. ಅವತ್ತು ಅವರು ನನ್ನೆದುರಿಗೆ ಆಡಿದ ಮಾತು ಅದೊಂದೇ.

ಅವರ ಉಂಗುರ ತೂಗಿ ನೋಡಿ ಎನ್ನುವ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅವರೇ ಹೇಳಲಿ ಎಂದು ಬಿಟ್ಟೆ. ನನ್ನನ್ನು ಕೊಂದವರ ಮಾನವನ್ನು ನಾನು ಕಾಯುತ್ತ ನಿಂತಿದ್ದೆ. ಅವರ ಮೇಲಿನ ಸಿಟ್ಟಿಗಿಂತ ಆ ಮೌನದ ಬಗ್ಗೆ ನನ್ನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ದೊಡ್ಡದು.

ಅಧಿಕಾರಿ ನನ್ನನ್ನು ಕೆಲಸದಿಂದ ತೆಗೆದ ಆದೇಶವನ್ನು ಅಲ್ಲೇ ಬರೆದು ಕೊಟ್ಟರು, ಲಕೋಟೆಯನ್ನೂ ಕೊಟ್ಟರು. "ನಿಮ್ಮ ವಸ್ತು ನೀವು ತೆಗೆದುಕೊಂಡು ಹೋಗಿ" ಎಂದರು. ಹೊರಗೆ ರಸ್ತೆಗೆ ಬಂದಾಗ ಹಿಂದಿನಿಂದ ಆಚಾರ್ರು ಬಂದರು.

"ತಂಗೀ, ನಿಲ್ಲು. ನಿನಗ ಬ್ಯಾರೆ ಕಡೆ ಎಲ್ಲಾದ್ರೂ ಕೆಲ್ಸ ಹಚ್ಚಿ ಕೊಡಸ್ತೀನಿ. ನಮ್ಮದು ಮೂರು ತಲಿಮಾರಿನ ಹೆಸರವಾ, ಹೋತಂದ್ರ ಬರೂದಿಲ್ಲ."

"ನನ್ನ ಪುಸ್ತಕ ಕೊಡ್ರಿ."

ಅವರು "ಅದು ಭಟ್ಟ್ಯಾಗ ಹೋತು" ಎಂದರು.

ಆರು ವರ್ಷದ ನನ್ನ ಅಕ್ಷರ. ಬಿಳಿಗಾರ ಎಷ್ಟು, ಸೋಡಾ ಎಷ್ಟು, ಹಿಟ್ಟು ಎಷ್ಟು ಎಂದು ಅವರೇ ಹೇಳಿ ಬರೆಸಿದ್ದು. ಮೂರು ತಲೆಮಾರಿನ ಹೆಸರು ಅವರಿಗಿತ್ತು, ಉಳಿಸಿಕೊಂಡರು. ನನ್ನದು ಒಂದು ನೋಟುಬುಕ್ಕಿನಷ್ಟೇ ಇತ್ತು, ಸುಡುವುದು ಸುಲಭವಾಯಿತು. ನಾನು ತಿರುಗಿ ನೋಡದೆ ಬಸ್ಸು ಹತ್ತಿದೆ.

ಒಂದೆರಡು ವರ್ಷದ ಮೇಲೆ ಸವಣೂರಿನ ಎಲೆ ಪೇಟೆಯಲ್ಲಿ ಅವರನ್ನು ಕಂಡೆ. ಅಷ್ಟೊತ್ತಿಗೆ ಕಂಪನಿ ಮುಚ್ಚಿತ್ತು, ನಾನು ಹಾನಗಲ್ಲಿನ ಬಾಲವಾಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ವೀಳ್ಯದೆಲೆಯ ಕಟ್ಟನ್ನು ಆರಿಸುತ್ತಿದ್ದ ಅವರ ಬೆರಳಲ್ಲಿ ಹೊಸ ಪವಿತ್ರದುಂಗುರವಿತ್ತು, ಹಳೆಯದಕ್ಕಿಂತ ದಪ್ಪ. ನನ್ನನ್ನು ನೋಡಿದ ತಕ್ಷಣ ಕೈಯನ್ನು ಧೋತರದ ಮಡಿಕೆಯೊಳಗೆ ಸರಿಸಿದರು.

ಆದರೆ ಆ ದಿನಗಳ ಪೈಕಿ ನನಗೆ ಹೆಚ್ಚು ನೆನಪಾಗುವುದು ಕೆಲಸ ಹೋದ ದಿನದ ಸಂಜೆ. ಅವ್ವ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಳು. ಆದೇಶವನ್ನು ಅವಳಿಗೆ ಓದಿ ಹೇಳಿದೆ. ಚಿನ್ನದ ಬೆಂಡೋಲೆ ಎನ್ನುವಲ್ಲಿಗೆ ಬಂದಾಗ ಅವಳು ಕೈ ಎತ್ತಿ ನಿಲ್ಲಿಸಿದಳು.

"ಏನಂದಿ? ಇನ್ನೊಮ್ಮೆ ಓದು."

ಓದಿದೆ. ಲಕೋಟೆ ಬಿಚ್ಚಿ ಓಲೆಗಳನ್ನು ಅವಳ ಒದ್ದೆ ಕೈಗೆ ಹಾಕಿದೆ. ಅವ್ವ ನಕ್ಕಳು. ನಕ್ಕು ನಕ್ಕು ಕಟ್ಟೆಯ ಮೇಲೆ ಕೂತಳು. ನಾನು ಹುಟ್ಟಿದಾಗಿನಿಂದ ನನ್ನ ಕಿವಿಗೆ ಒಂದು ಗುಂಜಿ ಬಂಗಾರ ಹಾಕಿಸಬೇಕು ಎಂದು ಹಂಬಲಿಸಿದವಳು. ನಗು ನಿಂತಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಾನಗಲ್ಲ ಸಂತ್ಯಾಗ ನಾ ತಂದ ಓಲಿ ಬಂಗಾರ ಆದ್ವೇನು? ಎಷ್ಟ ತೊಲಿ ಅಂತ ಬರದಾರಬೇ?"

"ತೂಕ ಬರದಿಲ್ಲವ್ವಾ."

ಅವ್ವ ಓಲೆಗಳನ್ನು ಅಂಗೈಯಲ್ಲಿ ಅಲ್ಲಾಡಿಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ತೂಕ ಮಾಡೂ ಮಂದಿ ಅಂತ ನಾ ಅಂತಿದ್ನೆಲ್ಲಬೇ ಮಗಳ. ನಿನ್ನ ಪಾಳಿ ಬಂದಾಗ ತೂಕ ಮಾಡದನ ಬರದ್ರೇನು?"